ಸಿಂಹದ ಕೆಳಗಿನ ಹುಲಿ

ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ನಾನು ಹೋಗಿದ್ದು ಟಿಪ್ಪು ಕಾಲದ ಆನೆ ಛಾಪಿನ ತಾಮ್ರದ ಕಾಸು ಹುಡುಕಿಕೊಂಡು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹುಟ್ಟಿ ಬೆಳೆದವನಿಗೆ ಆ ಕಾಸಿನ ಹುಚ್ಚು ಬಿಡುವುದಿಲ್ಲ. ಪರಿಚಯದ ವ್ಯಾಪಾರಿಯೊಬ್ಬರು ಕೈಬೀಸಿ ಕರೆದು, "ನಿಮ್ಮೂರಿಂದೇ ಒಂದು ಬಂದಿದೆ, ನೋಡಿ ಸಾರ್" ಎಂದು ಡಬ್ಬಿ ತೆರೆದರು.

ಅಂಗೈ ತುಂಬುವ ಬೆಳ್ಳಿ ಬಿಲ್ಲೆ, 48 ಮಿ.ಮೀ. ಅಗಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಗೆದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ ಪದಕ. ಬರ್ಮಿಂಗ್‌ಹ್ಯಾಮ್ ಬಳಿಯ ಮ್ಯಾಥ್ಯೂ ಬೋಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಅಚ್ಚಾದದ್ದು, ಅಚ್ಚು ಕೆತ್ತಿದವನು ಕುಚ್ಲರ್.

ಭೂತಗನ್ನಡಿ ಹಿಡಿದೆ. ಬ್ರಿಟಿಷರ ಸಿಂಹವೊಂದು ಟಿಪ್ಪುವಿನ ಹುಲಿಯನ್ನು ಕೆಡವಿ ಮೇಲೇರಿದೆ. ಸಿಂಹದ ಜೂಲು ಸವೆದು ನುಣ್ಣಗಾಗಿತ್ತು, ಬಿದ್ದ ಹುಲಿಯ ಪಟ್ಟೆಗಳು ಮಾತ್ರ ಎಣಿಸುವಷ್ಟು ಸ್ಪಷ್ಟ. ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರ: 'ಅಸದುಲ್ಲಾ ಅಲ್ ಗಾಲಿಬ್', ಅಂದರೆ ದೇವರ ಸಿಂಹವೇ ವಿಜಯಿ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದದ್ದೂ ಇದನ್ನೇ. ಪಟ್ಟಣ ಕಿತ್ತುಕೊಂಡಿದ್ದು ಸಾಲದೆ ಅವನ ಘೋಷವಾಕ್ಯವನ್ನೂ ಕಿತ್ತುಕೊಂಡರಲ್ಲ ಎಂದು ಹೊಟ್ಟೆಯೊಳಗೆ ಸಂಕಟವಾಯಿತು. ಇನ್ನೂರು ವರ್ಷ ದಾಟಿದರೂ ಆಯಿತು.

ಹಿಂಬದಿಯಲ್ಲಿ ಒಡೆದ ಕೋಟೆಗೋಡೆಗೆ ನುಗ್ಗುವ ಸೈನಿಕರು, ನೆತ್ತಿಯ ಮೇಲೆ ಸೂರ್ಯ. ದಾಳಿ ನಡೆದದ್ದು ಮಟಮಟ ಮಧ್ಯಾಹ್ನ ಕಳೆದ ಹೊತ್ತಿನಲ್ಲೇ. ಮೇ ತಿಂಗಳ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆಗಳ ಮೇಲೆ ದಾಟಿ ಬಂದರು. ಮುಂದೆ ನಿಂತು ನಡೆಸಿದವನು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರ್, ಟಿಪ್ಪು ಪಡೆಗೆ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಕೊಳೆತವನು. ಆ ಪೊಳ್ಳಿಲೂರಿನ ಗೆಲುವನ್ನು ನಮ್ಮವರು ದರಿಯಾ ದೌಲತ್‌ನ ಗೋಡೆ ತುಂಬ ಬಿಡಿಸಿದ್ದಾರೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುವ, ಅಲ್ಲಿ ಸೋತ ಕಂಪನಿ ಸೇನಾನಿ ಕರ್ನಲ್ ಬೇಯ್ಲಿಯನ್ನು ಶಾಲೆಗೆ ಹೋಗುವಾಗಿನಿಂದ ನೋಡಿದ್ದೇನೆ. ಗೆದ್ದವರೆಲ್ಲ ಒಂದೊಂದು ಚಿತ್ರ ಬಿಟ್ಟುಹೋಗಿದ್ದಾರೆ, ನಮ್ಮದು ಗೋಡೆಯಷ್ಟು, ಅವರದು ಅಂಗೈಯಷ್ಟು.

ಪದಕದ ನೆತ್ತಿಗೆ ಒರಟಾದ ಬೆಳ್ಳಿ ಕೊಂಡಿಯೊಂದು ಬೆಸೆದಿತ್ತು. ಕಂಪನಿ ಕೊಂಡಿ ಇಲ್ಲದೆ ಬರೀ ಬಿಲ್ಲೆ ಕೊಡುತ್ತಿತ್ತು, ಎದೆಗೆ ತೂಗುಹಾಕಿಕೊಳ್ಳಬೇಕೆಂದವರು ತಾವೇ ಅಕ್ಕಸಾಲಿಗರ ಹತ್ತಿರ ಹಾಕಿಸಿಕೊಳ್ಳಬೇಕಿತ್ತು. ಅಂದರೆ ಇದನ್ನು ಯಾರೋ ಹೆಮ್ಮೆಯಿಂದ ಧರಿಸಿದ್ದಾರೆ.

"ಬೆಳ್ಳಿಯದು ಅಧಿಕಾರಿಗಳಿಗೆ ಸಾರ್. ದೊಡ್ಡವರಿಗೆ ಚಿನ್ನ. ನಮ್ಮ ಸಿಪಾಯಿಗಳಿಗೆ ತವರ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ದೇಶೀ ಸಿಪಾಯಿಗಳು ಸಾವಿರಾರು, ನಿಜಾಮನ ಪಡೆಯೂ ಇತ್ತು. ತವರ ಮೆತ್ತನೆಯ ಲೋಹ, ಬೇಗ ಸವೆದು ಬಾಗುತ್ತದೆ. ಯಾವ ಮನೆಯ ಪೆಟ್ಟಿಗೆಯಲ್ಲಿ ಅವು ಉಳಿದಿವೆಯೋ!

ಬೆಳ್ಳಿಯದನ್ನು ಅವರ ಕೈಗೇ ಕೊಟ್ಟು, ತವರದ್ದು ಎಂಥ ಸ್ಥಿತಿಯಲ್ಲಿ ಬಂದರೂ ಮೊದಲು ನನಗೇ ಫೋನ್ ಮಾಡಬೇಕೆಂದು ನಂಬರ್ ಬರೆಸಿ ಬಂದಿದ್ದೇನೆ.