ಮಲಗಿದ್ದಾಗ 146, ನಿಂತಾಗ 114

ಬೆಳಗಿನ ಜಾವ ಐದೂವರೆ ಇರಬೇಕು. ಬಚ್ಚಲ ಕಡೆಯಿಂದ ಚೊಂಬು ಉರುಳಿದ ಸದ್ದು ಕೇಳಿ ಎದ್ದು ಓಡಿದೆ. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಖವೆಲ್ಲ ಬೆವರು, ಹುಬ್ಬಿನ ಮೇಲೆ ಸಣ್ಣ ಗಾಯ. "ಏನಿಲ್ಲ ಕಣಮ್ಮ, ಎದ್ದು ನಾಕು ಹೆಜ್ಜೆ ಇಟ್ಟೆ, ಕಣ್ಣು ಕತ್ತಲೆ ಬಂತು ಅಷ್ಟೆ" ಅಂದರು. ಅವರಿಗೆ 74 ವರ್ಷ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಈಗಲೂ ದಿನಾ ತೆಂಗಿನ ತೋಟ ಸುತ್ತಿ ಬರುತ್ತಾರೆ.

ನನಗೆ ಎದೆ ಧಸಕ್ಕೆಂದಿದ್ದು ಗಾಯ ನೋಡಿ ಅಲ್ಲ. ವಾರದ ಹಿಂದಷ್ಟೇ ಅವರನ್ನು ಕರೆದುಕೊಂಡು ಹೋಗಿ ಬಿಪಿ ಮಾತ್ರೆ ಜಾಸ್ತಿ ಮಾಡಿಸಿಕೊಂಡು ಬಂದವಳು ನಾನೇ. ಆ ಕ್ಲಿನಿಕ್ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅಪ್ಪನನ್ನು ಎತ್ತರದ ಮಂಚದ ತುದಿಯಲ್ಲಿ ಕೂರಿಸಿದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಬೆನ್ನಿಗೆ ಆಸರೆ ಇರಲಿಲ್ಲ, ಕೈ ಪಕ್ಕದಲ್ಲಿ ಜೋತುಬಿದ್ದಿತ್ತು, ಪಟ್ಟಿಯನ್ನು ಅಂಗಿಯ ತೋಳಿನ ಮೇಲೇ ಸುತ್ತಿದ್ದರು, ಜೊತೆಗೆ ಊರು ಯಾವುದು, ಮಕ್ಕಳೆಷ್ಟು ಅಂತ ಮಾತು ಬೇರೆ ನಡೆದಿತ್ತು. 164/92 ಬಂತು. ಅದೊಂದೇ ಅಂಕಿ ಹಿಡಿದು ಮಾತ್ರೆ ಏರಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ, ಏನೂ ಕೇಳಲಿಲ್ಲ.

ಅಪ್ಪ ಬಿದ್ದ ದಿನ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಮಾತ್ರೆಗಳೆಲ್ಲ ತೋರಿಸಿ ಅಂದರು. ಮೂತ್ರ ಸಲೀಸಾಗಿ ಹೋಗಲಿ ಅಂತ ಅಪ್ಪ ರಾತ್ರಿ ಹೊತ್ತು ಪ್ರೋಸ್ಟೇಟ್ ಮಾತ್ರೆ ಒಂದು ನುಂಗುತ್ತಾರೆ. ಅದನ್ನು ನೋಡಿ ತಲೆಯಾಡಿಸಿದರು. ಆಮೇಲೆ ಅಪ್ಪನನ್ನು ಐದು ನಿಮಿಷ ಸುಮ್ನೆ ಮಲಗಿಸಿ ಬಿಪಿ ನೋಡಿದರು: 146/84. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರೆ 118/72. ಮೂರು ನಿಮಿಷಕ್ಕೆ 114/70. ಅಷ್ಟರಲ್ಲಿ ಅಪ್ಪ ನನ್ನ ಭುಜ ಹಿಡಿದುಕೊಂಡಿದ್ದರು.

ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೆ, ಹೊಟ್ಟೆಯ ಕಡೆಗೆ ಇಳಿಯಬಹುದಂತೆ. ಕುತ್ತಿಗೆಯ ರಕ್ತನಾಳದಲ್ಲಿ ಇದನ್ನು ಗಮನಿಸುವ ನರಗಳಿವೆ. ಒತ್ತಡ ಇಳಿಯಿತು ಅಂತ ಅವು ಮಿದುಳಿಗೆ ತಿಳಿಸುತ್ತವೆ, ಗುಂಡಿಗೆ ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ವಯಸ್ಸಾದಂತೆ ಈ ಕೆಲಸ ನಿಧಾನ. ಅಪ್ಪನ ಪ್ರೋಸ್ಟೇಟ್ ಮಾತ್ರೆಯೋ ರಕ್ತನಾಳಗಳನ್ನೂ ಸಡಿಲ ಮಾಡುವಂಥದ್ದು. ಅದರ ಮೇಲೆ ಬಿಪಿ ಮಾತ್ರೆಯನ್ನೂ ಏರಿಸಿದ್ದಾಯಿತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೂ ಹುಷಾರಾಗಿರಬೇಕು ಅಂದರು ಡಾಕ್ಟರು. ಅಪ್ಪನಿಗೆ ಇಳಿದದ್ದು 32. ಹಾಗಾದರೆ ಬಿಪಿ ಮಾತ್ರೆ ನಿಲ್ಲಿಸಿಬಿಡಲಾ ಅಂತ ಕೇಳಿದೆ. ಬೇಡವೇ ಬೇಡ, ಹಾಗೆ ಒಮ್ಮೆಗೇ ಬಿಡಬಾರದು ಅಂತ ಹೇಳಿ ಹಳೇ ಪ್ರಮಾಣಕ್ಕೆ ಇಳಿಸಿದರು. ಎರಡು ವಾರ ಮನೆಯಲ್ಲಿ ಬರೆದಿಟ್ಟು ತನ್ನಿ ಅಂದರು.

ಮನೆಗೆ ಬಿಪಿ ಮಷಿನ್ ತಂದೆ. ಆ ರಾತ್ರಿ ನನ್ನ ಕೈ ಮೇಲೇ ನೋಡಿಕೊಂಡೆ. ಕೈಯನ್ನು ಮೇಜಿನ ಮೇಲೆ, ಪಟ್ಟಿ ಎದೆಯ ನೇರಕ್ಕೆ ಬರುವ ಹಾಗೆ ಇಟ್ಟಾಗ 118. ಕೈ ಕೆಳಗೆ ಬಿಟ್ಟಾಗ 127. ಮತ್ತೆ ಮೇಜಿಗೆ ತಂದೆ, 119. ನೋಡುತ್ತಾ ಕೂತಿದ್ದ ಅಪ್ಪನಿಗೆ ಇದು ಹೊಸದೇ ಅನ್ನಿಸಲಿಲ್ಲ. "ತೋಟದ ತಗ್ಗಿನಲ್ಲಿರೋ ಪೈಪಲ್ಲಿ ನೀರು ಜೋರು ಬರಲ್ವಾ, ಹಂಗೇ" ಅಂದರು. ನಿಜ, ಅದೇ ಲೆಕ್ಕ. ಪಟ್ಟಿ ಗುಂಡಿಗೆಗಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 8 ಅಂಕಿ ಜಾಸ್ತಿ ತೋರಿಸುತ್ತದೆ, ಮೇಲಿದ್ದರೆ ಅಷ್ಟೇ ಕಮ್ಮಿ. ಕಾಲ ಮೇಲೆ ಕಾಲು ಹಾಕಿ ಕೂತರೂ ಏರುತ್ತದೆ, ಮಾತಾಡಿದರೂ ಏರುತ್ತದೆ, ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ಆ ಕ್ಲಿನಿಕ್ಕಿನಲ್ಲಿ ಅಪ್ಪನ ವಿಷಯದಲ್ಲಿ ಇವುಗಳಲ್ಲಿ ಎಷ್ಟು ಒಟ್ಟಿಗೆ ಸೇರಿದ್ದವು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಐದು ನಿಮಿಷ ಕುರ್ಚಿಯಲ್ಲಿ ಒರಗಿಸಿ, ಕಾಲು ನೆಲಕ್ಕೆ ಊರಿಸಿ, ಕೈಗೊಂದು ಆಸರೆ ಕೊಟ್ಟಿದ್ದರೆ ಸಾಕಿತ್ತು, ಅಲ್ವಾ? ಅದಕ್ಕೆ ಖರ್ಚೇನೂ ಇಲ್ಲ.

ಹಳೇ ಲೆಕ್ಕದ ಪುಸ್ತಕದಲ್ಲಿ ಗೆರೆ ಹೊಡೆದು ದಿನಾ ಬರೆದೆ. ಪ್ರತಿ ಅಂಕಿಯ ಮುಂದೆ ಮಲಗಿ, ಕೂತು, ನಿಂತು ಅಂತ ನಮೂದು. ಅಪ್ಪ ಈಗ ಬೆಳಿಗ್ಗೆ ಒಮ್ಮೆಗೇ ಏಳುವುದಿಲ್ಲ. ಮಗ್ಗುಲಾಗಿ ಎದ್ದು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರುತ್ತಾರೆ, ಪಾದ ಮೇಲೆ ಕೆಳಗೆ ಆಡಿಸುತ್ತಾರೆ, ಪಕ್ಕದ ಲೋಟದ ನೀರು ಕುಡಿದು ಗೋಡೆ ಹಿಡಿದು ನಿಲ್ಲುತ್ತಾರೆ. ಬಚ್ಚಲಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ಎರಡು ವಾರದ ಕೊನೆಗೆ ಮಲಗಿದ್ದಾಗ 142, ನಿಂತು ಮೂರು ನಿಮಿಷಕ್ಕೆ 128. ಆ ಪುಟ ಡಾಕ್ಟರಿಗೆ ಕೊಟ್ಟಾಗ ಅವರು ಪೂರ್ತಿ ಓದಿದರು.

ಮೊನ್ನೆ ಅಪ್ಪನದು ನೋಡಿ ಮುಗಿಸಿ ಪಟ್ಟಿ ಸುತ್ತಿಡುವಷ್ಟರಲ್ಲಿ ಅಮ್ಮ ಒಲೆ ಆರಿಸಿ ಬಂದಳು. "ನಂದೂ ನೋಡೇ" ಅಂದವಳೇ ಚಾಪೆ ಹಾಸಿ ಮಲಗಿಕೊಂಡಳು. ಗಡಿಯಾರ ನೋಡಿ ಐದು ನಿಮಿಷ ಮಾತೇ ಆಡಲಿಲ್ಲ.