ಅಪ್ಪಯ್ಯನ ಜೀಪು ಕೆಮ್ಮಿತು!
ಅಡಿಕೆ ಮೂಟೆಗಳ ಹಿಂದೆ ಮಲಗಿದ್ದ ಮಹೀಂದ್ರಾ ಎಂಎಂ 540 ಜೀಪು ಇವತ್ತು ಸ್ಟಾರ್ಟ್ ಆಯ್ತು.

ಪೂಜೋ ಡೀಸೆಲ್ ಇಂಜಿನ್ ಗಟ್ಟಿ. ತೊಂದರೆ ಇದ್ದದ್ದು ಟ್ಯಾಂಕಿನಲ್ಲಿ. ಬಿಚ್ಚಿದರೆ ತಳದಲ್ಲಿ ಕಪ್ಪು ಲೋಳೆ. ಬೆರಳಿಗೆ ಅಂಟಿದ್ದು ಸೋಪಿಗೂ ಬಗ್ಗಲಿಲ್ಲ. ಗಾಳಿಯ ತೇವ ಟ್ಯಾಂಕಿನೊಳಗೆ ನೀರಾಗಿ ತಳಕ್ಕಿಳಿಯುತ್ತದೆ, ಆ ನೀರು ಡೀಸೆಲ್ಲಿಗೆ ತಾಗುವಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶಿರಸಿ ಮಳೆ ಯಾವುದನ್ನು ಬಿಟ್ಟಿದೆ ಹೇಳಿ!

ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಕೈಪಂಪು ಒತ್ತಿ ಒತ್ತಿ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆದದ್ದಾಯ್ತು. ನೊರೆ ನಿಂತು ಬರೀ ಡೀಸೆಲ್ ಬಂತು. "ಈಗ ಹೀಟರ್ ಕೊಡು ತಮ್ಮಾ" ಅಂದರು ಮೆಕ್ಯಾನಿಕ್, ಸ್ಟಾರ್ಟಿಗೆ ಮೊದಲು ಇಂಜಿನ್ ಒಳಗೆ ಬಿಸಿಯಾಗಲಿ ಅಂತ. ಬಿಳಿ ಹೊಗೆ, ಆಮೇಲೆ ಕೊಟ್ಟಿಗೆ ತುಂಬಾ ಸದ್ದು. ಆಯಿ ಮಾತ್ರ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಬ್ರೇಕಿನ ವೀಲ್ ಸಿಲಿಂಡರ್‌ಗಳು ಇನ್ನೂ ಜಾಮ್. ದೇವಿಮನೆ ಘಟ್ಟ ಇಳಿಯುವ ಆಸೆ ಇದ್ದವರು ಸ್ವಲ್ಪ ತಡೆದುಕೊಳ್ಳಿ. ಹುಬ್ಬಳ್ಳಿಯಿಂದ ಸಾಮಾನು ಬರಬೇಕು.