ಭುಜ 15, ಎದೆ 48

ಬಳ್ಳಾರಿ ಅಂದ್ರೆ ಜೀನ್ಸ್ ಹೊಲಿಯುವ ಊರು. ನಮ್ಮ ಓಣಿಯಲ್ಲೇ ಬೆಳಗಿನಿಂದ ರಾತ್ರಿವರೆಗೂ ಮಷಿನ್ ಸದ್ದು ಕೇಳುತ್ತದೆ. ಆದರೂ ನನ್ನ ಅಳತೆಯ ಒಂದು ಕುರ್ತಾ ಸಿಗುವುದು ಕಷ್ಟ. ಇರುವುದರಲ್ಲೇ ದೊಡ್ಡದು ಅಂತ ಕೊಟ್ಟದ್ದನ್ನು ಹಾಕಿಕೊಂಡರೆ ಭುಜದ ಹೊಲಿಗೆ ಜಾರಿ ತೋಳಿನ ಮೇಲೆ ಬಂದು ಕೂರುತ್ತದೆ, ತೋಳು ಮಾತ್ರ ಕೈ ಮಡಚಲೂ ಆಗದಷ್ಟು ಬಿಗಿ. "ನಿಮ್ಮ ಸೈಜ್ ಇಲ್ಲ ಮೇಡಂ" ಅನ್ನುವುದನ್ನು ಕೇಳಿ ಕೇಳಿ ಸಾಕಾಗಿತ್ತು. ಯುಗಾದಿ ಮುಗಿದ ಮೇಲೆ ಅಮ್ಮನ ಹಳೆ ಮಷಿನ್‌ಗೆ ಎಣ್ಣೆ ಬಿಟ್ಟು ಕೂತೇಬಿಟ್ಟೆ.

ಮೊದಲ ಕುರ್ತಾ ಹಾಳಾಯಿತು. ನನ್ನ ಎದೆ ಅಳತೆ 48. ಯಾವುದೋ ವಿಡಿಯೋ ನೋಡಿ ಅದರ ಕಾಲು ಭಾಗ ಅಂತ ಕಂಕುಳನ್ನು ಭುಜದಿಂದ 12 ಇಂಚು ಕೆಳಗೆ ಕತ್ತರಿಸಿದ್ದೆ. ಹಾಕಿಕೊಂಡು ಕೈ ಎತ್ತಿದರೆ ಇಡೀ ಕುರ್ತಾನೇ ಮೇಲೆ ಬಂತು! ಎದುರು ಮನೆ ಅಕ್ಕ ವರ್ಷಗಟ್ಟಲೆ ಜೀನ್ಸ್ ಹೊಲಿದವರು. ತಿರುಗಿಸಿ ನೋಡಿ ಹೇಳಿದರು: "ಎದೆ ಅಳತೆ ಜಾಸ್ತಿ ಐತಂತ ಬಗಲೂ ಕೆಳಗೆ ಇಳಿತೈತೇನವ್ವಾ? ಟೇಪ್ ಹಿಡಿದು ನೋಡು."

ನೋಡಿದೆ. ಒಂಬತ್ತೂವರೆ ಇಂಚು, ಅಷ್ಟೇ. ಭುಜ 15. ಅಂದರೆ ಮೈ ದಪ್ಪ ಆದಾಗ ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ದಪ್ಪ ಆಗಿರುವುದಿಲ್ಲ, ಮೂಳೆ ಇರುವ ಕಡೆ ಅಷ್ಟೇ ಇರುತ್ತದೆ, ಎದೆ, ಹೊಟ್ಟೆ, ತೋಳು ಮಾತ್ರ ಬೇರೆ ಬೇರೆ ಲೆಕ್ಕದಲ್ಲಿ ಬೆಳೆದಿರುತ್ತವೆ. ಚಿಕ್ಕ ಅಳತೆಯನ್ನೇ ಸುಮ್ನೆ ಹಿಗ್ಗಿಸಿದರೆ ಯಾರಿಗೂ ಕೂರುವುದಿಲ್ಲ. ತಪ್ಪು ಬಟ್ಟೆಯದು, ನಮ್ಮ ಮೈಯದಲ್ಲ. ಇದನ್ನು ಯಾರಾದರೂ ನನಗೆ ಹದಿನಾರನೇ ವಯಸ್ಸಲ್ಲೇ ಹೇಳಬೇಕಿತ್ತು.

ಈಗ ತೋಳಿನ ಸುತ್ತಳತೆ ಬೇರೆಯಾಗಿ ತೆಗೆಯುತ್ತೇನೆ. ನನ್ನದು 18, ಅದಕ್ಕೆ 2 ಇಂಚು ಸಡಿಲ. ಎದೆಗೆ 4 ಇಂಚು ಸಡಿಲ ಸೇರಿಸಿ 52, ಅದರ ಕಾಲು 13, ಹೊಲಿಗೆಗೆ ಇನ್ನೊಂದು ಇಂಚು, ಒಟ್ಟು 14. ಇದು ಮಡಚಿದ ಬಟ್ಟೆಯ ಮೇಲಿನ ಅಳತೆ, ಬಿಡಿಸಿದರೆ ಒಂದೊಂದು ಭಾಗವೂ 28 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮುಂಭಾಗ, ಹಿಂಭಾಗ ಪಕ್ಕಪಕ್ಕ ಹಿಡಿಸುವುದಿಲ್ಲ. ಒಂದರ ಕೆಳಗೆ ಒಂದು ಇಡಬೇಕು. ಹಾಗಾಗಿ ಗಿಡ್ಡ ತೋಳಿನ ಕುರ್ತಾಕ್ಕೂ ನನಗೆ 3 ಮೀಟರ್ ಬೇಕು. ಎರಡೂವರೆ ಸಾಕು ಅಂತ ಅಂಗಡಿಯಲ್ಲಿ ಹೇಳಿದರೆ ಕೇಳಬೇಡಿ.

ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆ ಕಾಟನ್ ಸೀರೆಯಲ್ಲಿ ಒಂದು ಹೊಲಿದು ನೋಡಿ. ನಾನು ಎರಡನೇ ಸಲ ಹಾಗೇ ಮಾಡಿದೆ, ಕೈ ಎತ್ತಿ, ಬಗ್ಗಿ, ನೆಲದ ಮೇಲೆ ಕೂತು ನೋಡಿ, ಎಳೆಯುವ ಕಡೆ ಚಾಕ್‌ನಿಂದ ಗುರುತು ಹಾಕಿ, ಹೊಲಿಗೆ ಬಿಚ್ಚಿ ಅದನ್ನೇ ಪೇಪರ್ ಮೇಲೆ ಇಟ್ಟು ಗೆರೆ ಎಳೆದುಕೊಂಡೆ. ಆ ಪೇಪರ್ ಈಗ ಬೀರುವಿನಲ್ಲಿದೆ. ನೀಲಿ ಕಾಟನ್‌ನಲ್ಲಿ ಹೊಲಿದ ಮೂರನೇ ಕುರ್ತಾದಲ್ಲಿ ಭುಜದ ಹೊಲಿಗೆ ಸರಿಯಾಗಿ ಭುಜದ ತುದಿಯಲ್ಲೇ ನಿಂತಿತು. ಕನ್ನಡಿ ಮುಂದೆ ಅದೊಂದನ್ನೇ ಎಷ್ಟೋ ಹೊತ್ತು ನೋಡಿದೆ. ನಮ್ಮೂರಿನ 40 ಡಿಗ್ರಿ ಬಿಸಿಲಲ್ಲಿ ತೋಳು ಕಚ್ಚದ ಕುರ್ತಾ ಹಾಕಿಕೊಂಡು ಮಾರ್ಕೆಟ್‌ಗೆ ಹೋಗಿ ಬರುವ ಸುಖ ಬೇರೇನೇ ಅಲ್ವಾ.

ಮುಂದಿನದು ಪ್ಯಾಂಟ್. ಜೀನ್ಸ್ ಬಟ್ಟೆ ತಂದು, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಅಂತ ತೊಳೆದು ಒಣಹಾಕಿದ್ದೇನೆ. 16ನೇ ನಂಬರ್ ಸೂಜಿ ಅಕ್ಕ ಕೊಟ್ಟಿದ್ದಾರೆ. ನಾಳೆ ಕುರ್ಚಿ ಮೇಲೆ ಕೂತು ಸೊಂಟದಿಂದ ಕುರ್ಚಿವರೆಗಿನ ಅಳತೆ, ಅಂದರೆ ಪ್ಯಾಂಟಿನ ಸೊಂಟದಿಂದ ಎರಡು ಕಾಲು ಕೂಡುವ ಕಡೆವರೆಗಿನ ಆಳ, ತೆಗೆಯಬೇಕು.